ಉಂಡು ಮಲಗುವ ತನಕ: ಗಂಡ ಹೆಂಡಿರ ಮುನಿಸು, ಒಂದು ನಗು, ಒಂದು ಕಾನೂನು

ಯಾವ ಭಾಷೆಯ ಹಾಸ್ಯ ಧಾರಾವಾಹಿಯಾದರೂ ಸರಿ, ಒಂದಲ್ಲ ಒಂದು ದಿನ ಬಂದೇ ಬರುವ ಕಂತೊಂದಿದೆ. ಮದುವೆಯಾಗಿ ಹೆಚ್ಚು ದಿನವಾಗಿಲ್ಲದ ಗಂಡ ಹೆಂಡತಿ. ಬೆಳಗಿನ ಕಾಫಿಯ ಹೊತ್ತಿಗೆ ಒಂದು ಸಣ್ಣ ಮಾತು ಬರುತ್ತದೆ. ಮಧ್ಯಾಹ್ನಕ್ಕೆ ಅದು ಬೆಳೆಯುತ್ತದೆ. ಸಂಜೆಗೆ ಹೆಂಡತಿ ಸೂಟ್‌ಕೇಸ್ ತೆಗೆದು ಮಂಚದ ಮೇಲಿಡುತ್ತಾಳೆ. ಪಕ್ಕದ ಮನೆಯವರು ಬುದ್ಧಿ ಹೇಳಲು ಬಂದು ಬೆಂಕಿಗೆ ತುಪ್ಪ ಸುರಿಯುತ್ತಾರೆ. ಗಂಡ ಅಡುಗೆಗೆ ಇಳಿದು ಸಾರಿಗೆ ಸಕ್ಕರೆ ಹಾಕುತ್ತಾನೆ. ಇಪ್ಪತ್ತು ನಿಮಿಷ ಮುಗಿಯುವಷ್ಟರಲ್ಲಿ ತಪ್ಪು ತಿಳುವಳಿಕೆ ಬಯಲಾಗಿ, ಸೂಟ್‌ಕೇಸ್ ಮತ್ತೆ ಅಟ್ಟ ಸೇರುತ್ತದೆ. ಸೂಟ್‌ಕೇಸ್ ಹಿಡಿದು ಹೊರಟವಳು ನಿಜವಾಗಿಯೂ ಹೋಗಿಬಿಟ್ಟರೆ ಮುಂದಿನ ವಾರದ ಕಂತೇ ಇರುವುದಿಲ್ಲ.

ಕನ್ನಡದಲ್ಲಿ ಇದಕ್ಕೊಂದು ಗಾದೆಯೇ ಇದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಎಷ್ಟೋ ಮನೆಗಳಲ್ಲಿ ನಿಜವಾದ ಮಾತು. ಆದರೆ ಗಾದೆಯೊಳಗೆ ಹೇಳದೆ ಬಿಟ್ಟ ಒಂದು ಕರಾರಿದೆ. ಇಬ್ಬರೂ ಒಂದೇ ಮನೆಯಲ್ಲಿ ಉಣ್ಣುತ್ತಾರೆ, ಒಂದೇ ಸೂರಿನಡಿ ಮಲಗುತ್ತಾರೆ ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿದೆ. ಅವಳು ಆ ಮನೆಗೆ ಬರುವುದಿಲ್ಲ ಎಂದರೆ ಏನಾಗುತ್ತದೆ? ಈ ಪ್ರಶ್ನೆಗೆ ನೂರ ನಲವತ್ತು ವರ್ಷಗಳ ಹಿಂದೆ ಪುಣೆ, ಮುಂಬಯಿ ಮತ್ತು ಉತ್ತರ ಕನ್ನಡದ ಕಡಲತೀರದಲ್ಲಿ ಒಮ್ಮೆಲೇ ಉತ್ತರ ಹುಡುಕಲಾಯಿತು. ಸ್ವಲ್ಪ ಭಾಗ ನ್ಯಾಯಾಲಯದಲ್ಲಿ, ಸ್ವಲ್ಪ ಭಾಗ ಪತ್ರಿಕೆಗಳಲ್ಲಿ, ಸ್ವಲ್ಪ ಭಾಗ ಪ್ರಹಸನಗಳಲ್ಲಿ.

ವಾಡೆಯ ಅಂಗಳ

ಪುಣೆಯಿಂದ ದಕ್ಷಿಣಕ್ಕೆ ಐವತ್ತು ಕಿಲೋಮೀಟರಿನಷ್ಟು ದೂರದಲ್ಲಿ, ನೀರಾ ನದಿಯ ದಂಡೆಯಲ್ಲಿ, ಭೋರ್ ಎಂಬ ಊರಿದೆ. ಛತ್ರಪತಿಗಳ ಅಷ್ಟಪ್ರಧಾನರಲ್ಲಿ ದಾಖಲೆ, ಲೆಕ್ಕಪತ್ರಗಳನ್ನು ನೋಡುತ್ತಿದ್ದವರು ಸಚಿವರು. ರಾಜಾರಾಮರ ಕಾಲದಲ್ಲಿ, 1697ರಲ್ಲಿ, ಆ ಪದವಿ ಪಡೆದ ಶಂಕರಾಜಿ ನಾರಾಯಣರ ವಂಶದವರೇ ‘ಪಂತ ಸಚಿವ’ ಎಂಬ ಬಿರುದಿನೊಂದಿಗೆ ಭೋರ್ ಸಂಸ್ಥಾನವನ್ನು ಆಳಿದರು. ಬ್ರಿಟಿಷರ ಕಾಲದಲ್ಲಿ ಸಾತಾರಾ ಜಹಗೀರುಗಳು ಎಂದು ಕರೆಯಿಸಿಕೊಂಡ ಪುಟ್ಟ ಸಂಸ್ಥಾನಗಳ ಗುಂಪಿನಲ್ಲಿ ಭೋರ್ ಕೂಡ ಒಂದು. ಅದೇ ಪಟ್ಟಿಯಲ್ಲಿ ಔಂಧ್ ಮತ್ತು ಫಲಟಣ ಇದ್ದವು. ಕನ್ನಡ ಮನೆಮಾತಿನವರು ಇಂದಿಗೂ ದೊಡ್ಡ ಸಂಖ್ಯೆಯಲ್ಲಿರುವ ಜತ್ತ ಮತ್ತು ಅಕ್ಕಲಕೋಟೆಯೂ ಇದ್ದವು.

ಇಂದು ಭೋರಿಗೆ ಹೊರಗಿನಿಂದ ಬರುವವರಲ್ಲಿ ಸಿನಿಮಾದವರು, ಧಾರಾವಾಹಿಯವರು ಬಹಳ. ಹತ್ತೊಂಬತ್ತನೆಯ ಶತಮಾನದ ಅಲ್ಲಿನ ಅರಮನೆ, ಊರಿನವರ ಮಾತಿನಲ್ಲಿ ‘ರಾಜವಾಡಾ’, ಚಿತ್ರೀಕರಣಕ್ಕೆ ಹೇಳಿ ಮಾಡಿಸಿದಂತಿದೆ. ‘ವಾಡೆ’ ಉತ್ತರ ಕರ್ನಾಟಕದವರಿಗೆ ಹೊಸ ಪದವಲ್ಲ. ಚೌಕಾಕಾರದ ಅಂಗಳ, ಸುತ್ತ ಮರದ ಕಂಬಗಳ ಪಡಸಾಲೆ, ಮೇಲೆ ಮಾಳಿಗೆ. ಹಳೆಯ ಕೂಡುಕುಟುಂಬದ ಮನೆ ತೋರಿಸಬೇಕಾದಾಗ ಕ್ಯಾಮೆರಾ ಹುಡುಕಿಕೊಂಡು ಹೋಗುವುದು ಇಂಥ ಅಂಗಳವನ್ನು. ಅಂಗಳದಲ್ಲಿ ನಿಂತವರಿಗೆ ಮಾಳಿಗೆಯವರೆಲ್ಲ ಕಾಣುತ್ತಾರೆ, ಮಾಳಿಗೆಯವರಿಗೆ ಅಂಗಳದ ಪ್ರತಿ ಮಾತೂ ಕೇಳುತ್ತದೆ. ಎಳೆಯ ಗಂಡ ಹೆಂಡತಿ ಪಿಸುಗುಟ್ಟಿ ಜಗಳವಾಡುವುದಕ್ಕೂ ಅಲ್ಲಿ ಮೂಲೆ ಸಿಗುವುದು ಕಷ್ಟ.

ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರನ್ನು 1873ರಲ್ಲಿ ಮದುವೆಯಾಗಿ ಬಂದ ರಮಾಬಾಯಿಗೆ ಇದು ಚೆನ್ನಾಗಿ ಗೊತ್ತಿತ್ತು. ಆಗ ಆಕೆಗೆ ಹನ್ನೊಂದು ವರ್ಷ, ಅವರಿಗೆ ಮೂವತ್ತೊಂದು. ಗಂಡ ಹೆಂಡತಿಗೆ ಓದು ಕಲಿಸಿದರು. ಮನೆಯ ಹೆಂಗಸರು ಅದಕ್ಕಾಗಿ ಅವಳನ್ನು ಹಂಗಿಸಿದರು. ಮುಂದೆ ರಮಾಬಾಯಿ 1910ರಲ್ಲಿ ಪ್ರಕಟಿಸಿದ ಮರಾಠಿ ನೆನಪುಗಳಲ್ಲಿ ಆ ದಿನಗಳ ಚಿತ್ರ ಸ್ಪಷ್ಟವಾಗಿದೆ. ಮಾಳಿಗೆಯ ಮೇಲೆ ಗಂಡನ ಕೋಣೆಯಲ್ಲಿ ಪಾಠ, ಕೆಳಗೆ ಅಡುಗೆಮನೆಯಲ್ಲಿ ಅದಕ್ಕೆ ದಂಡ. ದೇಶಕ್ಕೆ ನ್ಯಾಯ ಹೇಳುತ್ತಿದ್ದ ಗಂಡ ಮನೆಯ ಈ ವ್ಯಾಜ್ಯದಲ್ಲಿ ಬಹುತೇಕ ಮೌನಿ. ತಾಳ್ಮೆಯಿಂದಿರು ಎನ್ನುವುದೇ ಅವರ ತೀರ್ಪು.

ಪುಣೆಯಿಂದ ಮಾಳದ ಕಾಡಿಗೆ

ಹೆಂಡತಿಗೆ ಓದು ಕಲಿಸುವ ಹಂಬಲ ಪುಣೆಯಿಂದ ಕನ್ನಡ ನಾಡಿಗೆ ಇದಕ್ಕೂ ಬಹಳ ಮೊದಲೇ ಬಂದಿತ್ತು. ಕಾರ್ಕಳ ಸೀಮೆಯ ಮಾಳದ ಕಡೆಯ ಅನಂತಶಾಸ್ತ್ರಿ ಡೋಂಗ್ರೆ ಓದಲೆಂದು ಪುಣೆಗೆ ಹೋದವರು. ಅವರ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯರ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಣ್ಣೊಬ್ಬಳು ಸಂಸ್ಕೃತ ಶ್ಲೋಕ ಓದುವುದನ್ನು ಕೇಳಿದ ಯುವಕನಿಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಊರಿಗೆ ಮರಳಿ ಹೆಂಡತಿಗೆ ಕಲಿಸಹೊರಟರೆ ಹಿರಿಯರು ಬಿಡಲಿಲ್ಲ. ಮೊದಲ ಹೆಂಡತಿ ತೀರಿಕೊಂಡ ಮೇಲೆ, ನಡುವಯಸ್ಸಿನಲ್ಲಿ, ಗೋದಾವರಿ ತೀರದ ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಮದುವೆಯಾಗಿ ಊರಿಗೆ ಕರೆತಂದರು. ಪಾಠ ಶುರುವಾಯಿತು, ವಿರೋಧವೂ ಶುರುವಾಯಿತು. ಕೊನೆಗೆ ಅನಂತಶಾಸ್ತ್ರಿ ಊರು ಬಿಟ್ಟು ಹೆಂಡತಿಯೊಂದಿಗೆ ಪಶ್ಚಿಮಘಟ್ಟದ ಗಂಗಾಮೂಲದ ಕಾಡು ಸೇರಿದರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ.

ಈ ಕಥೆಯನ್ನು ಈಗ ಓದುವಾಗ ಎರಡು ಸಂಗತಿಗಳು ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಹೆಂಡತಿ ಓದಬೇಕೆಂದು ಊರನ್ನೇ ಬಿಟ್ಟ ಗಂಡ. ಆ ಹೆಂಡತಿಗೆ ಮದುವೆಯ ದಿನ ಒಂಬತ್ತೇ ವರ್ಷ. ಸುಧಾರಕರ ಮನೆಗಳಲ್ಲೂ ಹುಡುಗಿಯನ್ನು ಯಾರೂ ನಿನಗೇನು ಬೇಕು ಎಂದು ಕೇಳಿರಲಿಲ್ಲ. ಆ ಪ್ರಶ್ನೆಯನ್ನು ಮೊದಲು ನ್ಯಾಯಾಲಯದಲ್ಲಿ ಎತ್ತಿದವಳು ಮುಂಬಯಿಯ ಬಡಗಿ ಜಾತಿಯ ಒಬ್ಬ ತರುಣಿ.

ದಾದಾಜಿ ಹಾಗೂ ರುಖ್ಮಾಬಾಯಿ

ರುಖ್ಮಾಬಾಯಿ ಹುಟ್ಟಿದ್ದು 1864ರಲ್ಲಿ. ಎಳವೆಯಲ್ಲೇ ತಂದೆ ತೀರಿಕೊಂಡರು. ಅವರ ಜಾತಿಯಲ್ಲಿ ವಿಧವೆಯರ ಮರುಮದುವೆಗೆ ಅಡ್ಡಿಯಿರಲಿಲ್ಲ. ತಾಯಿ ಜಯಂತಿಬಾಯಿ ಮುಂದೆ ಡಾಕ್ಟರ್ ಸಖಾರಾಮ ಅರ್ಜುನರನ್ನು ಮದುವೆಯಾದರು. ಹನ್ನೊಂದನೆಯ ವಯಸ್ಸಿಗೆ ಹುಡುಗಿಗೆ ಹತ್ತೊಂಬತ್ತರ ದಾದಾಜಿ ಭಿಕಾಜಿಯೊಂದಿಗೆ ಮದುವೆಯಾಯಿತು. ಆದರೆ ಅವಳು ತವರಿನಲ್ಲೇ ಉಳಿದಳು. ಮಲತಂದೆಯ ಮನೆಯಲ್ಲಿ ಪುಸ್ತಕಗಳಿದ್ದವು, ಓದಿದವರು ಬಂದು ಹೋಗುತ್ತಿದ್ದರು. ಅವಳ ಓದು ಬೆಳೆಯಿತು. ದಾದಾಜಿಯ ಓದು ನಿಂತಿತು, ಆರೋಗ್ಯ ಕೆಟ್ಟಿತು, ಸೋದರಮಾವನ ಆಶ್ರಯದಲ್ಲಿ ದಿನ ಕಳೆಯುವಂತಾಯಿತು.

1884ರಲ್ಲಿ ದಾದಾಜಿ ಹೆಂಡತಿಯನ್ನು ಕಳಿಸಿಕೊಡಿ ಎಂದು ಮುಂಬಯಿ ಹೈಕೋರ್ಟಿನಲ್ಲಿ ದಾವೆ ಹೂಡಿದ. ಕಾನೂನಿನ ಭಾಷೆಯಲ್ಲಿ ಅದರ ಹೆಸರು ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ. ವಿಚಿತ್ರವೆಂದರೆ ಇದು ಹಿಂದೂ ಧರ್ಮಶಾಸ್ತ್ರದ್ದೂ ಅಲ್ಲ, ಮುಸಲ್ಮಾನರ ಶರೀಅತ್ತಿನದೂ ಅಲ್ಲ. ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಲ್ಲಿ ಹುಟ್ಟಿ ಬ್ರಿಟಿಷರೊಂದಿಗೆ ಹಡಗು ಹತ್ತಿ ಬಂದದ್ದು. ಆದೇಶಕ್ಕೆ ಒಪ್ಪದ ಹೆಂಡತಿಯನ್ನು ಆರು ತಿಂಗಳ ತನಕ ಸೆರೆಮನೆಗೆ ಹಾಕಲು ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿತ್ತು. ಇಂಗ್ಲೆಂಡ್ ತನ್ನ ನೆಲದಲ್ಲಿ ಈ ಸೆರೆವಾಸವನ್ನು ಕೈಬಿಟ್ಟದ್ದು ಅದೇ 1884ರಲ್ಲಿ. ತವರಿನಲ್ಲಿ ಬೇಡವಾದದ್ದು ವಸಾಹತಿನಲ್ಲಿ ಉಳಿಯಿತು. ಕೆಲವೇ ವರ್ಷಗಳಲ್ಲಿ ಅದನ್ನು ‘ನಮ್ಮ ಧರ್ಮ’ ಎಂದು ಕಾಪಾಡಲು ನಮ್ಮವರೇ ಮುಂದೆ ನಿಂತರು.

1885ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿನ್ಹೇ ದಾವೆಯನ್ನು ವಜಾ ಮಾಡಿದರು. ಅವರ ವಾದ ಸರಳವಾಗಿತ್ತು. ಪುನಃಸ್ಥಾಪನೆ ಎಂದರೆ ಇದ್ದು ತಪ್ಪಿಹೋದದ್ದನ್ನು ಮರಳಿ ಕೊಡಿಸುವುದು. ಇಲ್ಲಿ ದಾಂಪತ್ಯವೇ ಶುರುವಾಗಿಲ್ಲ, ಮರಳಿ ಕೊಡಿಸುವುದೇನನ್ನು? ತಿಳಿಯದ ವಯಸ್ಸಿನಲ್ಲಿ ಮದುವೆಯಾದವಳನ್ನು, ಅವಳಿಗೆ ಮನಸ್ಸಿಲ್ಲದಾಗ, ಆ ಮನೆಗೆ ದೂಡುವುದು ಕ್ರೌರ್ಯ. ದಾದಾಜಿ ಮೇಲ್ಮನವಿ ಸಲ್ಲಿಸಿದ. 1886ರಲ್ಲಿ ಮೇಲಿನ ಪೀಠ ಪಿನ್ಹೇ ತೀರ್ಪನ್ನು ತಳ್ಳಿಹಾಕಿ ಮತ್ತೆ ವಿಚಾರಣೆಗೆ ಕಳಿಸಿತು. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್ ತೀರ್ಪು ಕೊಟ್ಟರು: ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಸೆರೆಮನೆ. ರುಖ್ಮಾಬಾಯಿಯ ಉತ್ತರ ಒಂದೇ. ಸೆರೆಮನೆಗೆ ಹೋಗುತ್ತೇನೆ, ಆ ಮನೆಗೆ ಹೋಗುವುದಿಲ್ಲ.

ಮುಂಬಯಿಯ ಓದುಗರಿಗೆ ಆ ಹೊತ್ತಿಗೆ ಅವಳ ಬರವಣಿಗೆಯ ಪರಿಚಯವಿತ್ತು. 1885ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ‘ಒಬ್ಬ ಹಿಂದೂ ಮಹಿಳೆ’ ಎಂಬ ಹೆಸರಿನಲ್ಲಿ ಬಾಲ್ಯವಿವಾಹದ ಬಗ್ಗೆ ಬಂದ ಪತ್ರಗಳು ಇವಳವೇ. ದಾದಾಜಿಯೂ ಸುಮ್ಮನಿರಲಿಲ್ಲ. ತನ್ನ ಕಡೆಯ ಕಥೆ ಹೇಳಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಅವಳು ಅದಕ್ಕೂ ಉತ್ತರ ಬರೆದಳು. ಗಂಡ ಹೆಂಡಿರ ಜಗಳ ಅಂಗಳ ದಾಟಿ ಇಡೀ ದೇಶದ ಓದುಗರ ಮುಂದೆ ಬಂದಿತ್ತು.

1887

ಆ ಒಂದು ವರ್ಷದ ದಿನಚರಿಯನ್ನು ಸಾಲಾಗಿ ಇಟ್ಟು ನೋಡಬೇಕು.

ಫ್ಯಾರನ್ ತೀರ್ಪಿಗೆ ಆರು ದಿನ ಮುಂಚೆ, ಫೆಬ್ರವರಿ 26ರಂದು, ಡಾಕ್ಟರ್ ಆನಂದಿಬಾಯಿ ಜೋಶಿ ಪುಣೆಯಲ್ಲಿ ಕಣ್ಣುಮುಚ್ಚಿದರು. ವಯಸ್ಸು ಇಪ್ಪತ್ತೊಂದು. ಒಂಬತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ಹೆತ್ತು ಹತ್ತೇ ದಿನಕ್ಕೆ ಕಳೆದುಕೊಂಡ ಮಗು, ಹದಿನೆಂಟಕ್ಕೆ ಒಬ್ಬಳೇ ಅಮೆರಿಕಕ್ಕೆ ಪಯಣ, 1886ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಪದವಿ. ಅವರ ಗಂಡ ಗೋಪಾಲರಾವ್, ಅಂಚೆ ಇಲಾಖೆಯ ನೌಕರ, ಹೆಂಡತಿಯನ್ನು ಓದಿಸಿಯೇ ತೀರುತ್ತೇನೆ ಎಂಬ ಹಟದ ಮನುಷ್ಯ. ಓದದಿದ್ದರೆ ಹೊಡೆಯುತ್ತಿದ್ದ ಎಂಬುದನ್ನು ಆನಂದಿಬಾಯಿಯೇ ಅಮೆರಿಕದಿಂದ ಅವನಿಗೆ ಬರೆದ ಪತ್ರದಲ್ಲಿ ನೆನಪಿಸಿದ್ದಾರೆ. ಹಾಗೆ ಬರೆದ ಕೈಯೇ ತನ್ನ ವಿದ್ಯೆಗೆ ಅವನು ಕಾರಣ ಎಂಬುದನ್ನೂ ಮರೆಯಲಿಲ್ಲ. ಪುಣೆಯಲ್ಲಿ ಸುಧಾರಣೆಯ ಮದುವೆ ಕೂಡ ಎಷ್ಟು ತೊಡಕಿನದಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಪಂಡಿತಾ ರಮಾಬಾಯಿಯವರ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಅಚ್ಚಾಯಿತು. ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವಳು ಅಮೆರಿಕದ ಓದುಗರ ಮುಂದೆ ರುಖ್ಮಾಬಾಯಿಯ ಮೊಕದ್ದಮೆಯನ್ನು ವಿವರಿಸಿ, ಅವಳ ಪತ್ರವನ್ನೂ ಪುಸ್ತಕದೊಳಗೆ ಸೇರಿಸಿದಳು.

ಪುಣೆಯ ಪತ್ರಿಕಾ ಬಳಗವೂ ಒಡೆದದ್ದು ಅದೇ ವರ್ಷ. ಟಿಳಕರ ‘ಮರಾಠಾ’ ಪತ್ರಿಕೆ ರುಖ್ಮಾಬಾಯಿಯ ವಿರುದ್ಧ ನಿಂತಿತು. ನಮ್ಮ ಮನೆಯೊಳಗಿನ ವಿಷಯಕ್ಕೆ ಪರಕೀಯ ಸರಕಾರ ಕೈ ಹಾಕಬಾರದು ಎಂಬುದು ಆ ಪಾಳಯದ ನಿಲುವು. ಸಮಾಜ ಸುಧಾರಣೆಯ ಪ್ರಶ್ನೆಯಲ್ಲಿ ಟಿಳಕರೊಂದಿಗೆ ಹೊಂದದ ಗೋಪಾಲ ಗಣೇಶ ಆಗರ್‌ಕರ್ ‘ಕೇಸರಿ’ಯ ಸಂಪಾದಕತ್ವ ಬಿಟ್ಟದ್ದು 1887ರಲ್ಲಿ. ಮರುವರ್ಷ ‘ಸುಧಾರಕ’ ಎಂಬ ಸ್ವಂತ ಪತ್ರಿಕೆ ತೆಗೆದರು. ಒಂದು ದಾಂಪತ್ಯದ ಪ್ರಶ್ನೆಗೆ ಒಂದು ಗೆಳೆತನ ಮುರಿಯಿತು ಎಂದರೆ ಅತಿಯಾದೀತು. ಆದರೆ ಬಿರುಕು ಬಿಟ್ಟದ್ದು ಇಂಥ ಪ್ರಶ್ನೆಗಳ ಜಾಗದಲ್ಲೇ.

ಇನ್ನು ಕನ್ನಡದ ಪಾಲು. ಹೊನ್ನಾವರದ ಬಳಿಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಹೊರಬಂದದ್ದೂ 1887ರಲ್ಲಿ. ಹೊಸಗನ್ನಡದ ಮೊದಲ ಸ್ವತಂತ್ರ ಸಾಮಾಜಿಕ ನಾಟಕ ಎಂದು ಸಾಹಿತ್ಯ ಚರಿತ್ರೆ ಅದನ್ನು ಗುರುತಿಸುತ್ತದೆ. ಹವ್ಯಕರ ಆಡುಮಾತನ್ನು ರಂಗದ ಮೇಲೆ ತಂದ ನಾಟಕ. ಅದಕ್ಕೆ ಇನ್ನೊಂದು ಹೆಸರೂ ಇದೆ, ‘ಕನ್ಯಾವಿಕ್ರಯದ ಪರಿಣಾಮ’. ದುಡ್ಡು ತೆಗೆದುಕೊಂಡು ಮಗಳನ್ನು ಕೊಡುವ ತಂದೆ, ದುಡ್ಡು ಚೆಲ್ಲಿ ಎಳೆಯ ಹುಡುಗಿಯನ್ನು ತರುವ ಮುದುಕ, ನಡುವೆ ದಲ್ಲಾಳಿತನ ಮಾಡುವವರು: ಈ ವ್ಯಾಪಾರವನ್ನೇ ಅದು ನಗೆಪಾಟಲು ಮಾಡಿತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ. ಧಾರವಾಡ, ಬೆಳಗಾವಿ, ವಿಜಾಪುರಗಳೂ ಅಷ್ಟೆ. ಅಂದರೆ ಫ್ಯಾರನ್ ಆದೇಶದ ಹಿಂದಿದ್ದ ಕಾನೂನೇ ಕರ್ಕಿಯ ಹುಡುಗಿಗೂ ಇದ್ದದ್ದು.

ನಗು ಯಾರ ಮೇಲೆ?

ಇದಕ್ಕೆ ಒಂದೇ ವರ್ಷ ಮುಂಚೆ, 1886ರಲ್ಲಿ, ಪುಣೆಯಲ್ಲೂ ಒಂದು ನಗೆಯ ನಾಟಕ ಬಂದಿತ್ತು. ನಾರಾಯಣ ಬಾಪೂಜಿ ಕಾನಿಟ್ಕರ್ ಬರೆದ ‘ತರುಣೀ ಶಿಕ್ಷಣ ನಾಟಿಕಾ’. ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಹೈಸ್ಕೂಲು, ಇಂದಿಗೂ ಹುಜೂರ್‌ಪಾಗಾ ಎಂದೇ ಹೆಸರಾದ ಶಾಲೆ, ತೆರೆದು ಆಗ ಎರಡು ವರ್ಷ. ಓದಿದ ಹುಡುಗಿಯರು ಮುಂದೆ ಏನಾಗುತ್ತಾರೆ ಎಂಬ ‘ಭವಿಷ್ಯ’ ಹೇಳುವುದು ನಾಟಕದ ಉದ್ದೇಶ. ಓದಿನಿಂದ ತಲೆ ತಿರುಗಿದ ಹೆಣ್ಣು, ಕೆಟ್ಟ ಸಂಸಾರ, ಹೆಂಡತಿಯ ಕೈಗೆ ಸಿಕ್ಕ ಗಂಡ. ಪ್ರೇಕ್ಷಕರು ನಕ್ಕರು. ಅದೇ ಕಾಲದಲ್ಲಿ ಶೇಕ್ಸ್‌ಪಿಯರನ ಗಯ್ಯಾಳಿಯನ್ನು ಪಳಗಿಸುವ ನಾಟಕವೂ ವಾಸುದೇವ ಬಾಳಕೃಷ್ಣ ಕೇಳ್ಕರರ ‘ತ್ರಾಟಿಕಾ’ ಆಗಿ ಮರಾಠಿ ರಂಗಕ್ಕೆ ಬಂದು ಜನಪ್ರಿಯವಾಯಿತು.

ಎರಡು ಪ್ರಹಸನಗಳು, ಒಂದೇ ಪ್ರಾಂತ್ಯ, ಒಂದು ವರ್ಷದ ಅಂತರ. ವಿಷಯವೂ ಒಂದೇ, ಹುಡುಗಿಯೊಬ್ಬಳ ಮದುವೆ. ಪುಣೆಯ ನಾಟಕದಲ್ಲಿ ನಗು ಹುಡುಗಿಯ ಮೇಲೆ. ಕರ್ಕಿಯ ನಾಟಕದಲ್ಲಿ ನಗು ಅವಳನ್ನು ಮಾರಿದವರ, ಕೊಂಡವರ ಮೇಲೆ. ಊರಿನ ಹಿರಿಯರನ್ನು ಗುರಿಯಾಗಿಸುವುದಕ್ಕೆ ಎದೆಗಾರಿಕೆ ಬೇಕು. ಹುಡುಗಿಯನ್ನು ಗುರಿಯಾಗಿಸುವುದಕ್ಕೆ ಅದರ ಅಗತ್ಯವಿಲ್ಲ, ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವವರು ಆ ಹಿರಿಯರೇ.

ಎರಡನೆಯ ಬಗೆಯ ನಗು ಮರಾಠಿಯಲ್ಲೂ ಬಾರದೆ ಇರಲಿಲ್ಲ. 1899ರಲ್ಲಿ ಗೋವಿಂದ ಬಲ್ಲಾಳ ದೇವಲ್ ‘ಸಂಗೀತ ಶಾರದಾ’ ಬರೆದರು. ದೇವಲರು ಬೆಳಗಾವಿಯಲ್ಲಿ ಓದಿ, ಅಲ್ಲೇ ಅಣ್ಣಾಸಾಹೇಬ ಕಿರ್ಲೋಸ್ಕರರ ಸಂಗದಲ್ಲಿ ನಾಟಕ ಕಲಿತವರು. ಕಿರ್ಲೋಸ್ಕರರು ಸವದತ್ತಿ ಸೀಮೆಯ ಗುರ್ಲಹೊಸೂರಿನವರು. ‘ಶಾರದಾ’ದಲ್ಲಿ ಎಪ್ಪತ್ತು ದಾಟಿದ ಭುಜಂಗನಾಥನಿಗೆ ಎಳೆಯ ಹುಡುಗಿಯೇ ಬೇಕು, ಅವಳ ತಂದೆಗೆ ಹಣ ಬೇಕು. ದಶಕಗಳ ಕಾಲ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಪ್ರೇಕ್ಷಕರು ಭುಜಂಗನಾಥನನ್ನು ನೋಡಿ ನಕ್ಕರು, ಶಾರದೆಯ ಪಾಡಿಗೆ ಮರುಗಿದರು. ಮುದುಕರ ಮದುವೆಗೆ ಗುಪ್ತವಾಗಿ ನಾಚುವ ಒಂದು ತಲೆಮಾರು ಹಾಗೆ ತಯಾರಾಯಿತು.

ಅಷ್ಟರಲ್ಲಿ ಒಂದು ಸಂಸ್ಥಾನ ಕಾನೂನನ್ನೇ ಮಾಡಿತ್ತು. 1894ರಲ್ಲಿ ಮೈಸೂರು ಸರಕಾರ ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಇಂದು ಓದುವಾಗ ಎಂಟು ಎಂಬ ಸಂಖ್ಯೆಯೇ ಎದೆಗೆ ಚುಚ್ಚುತ್ತದೆ. ಬ್ರಿಟಿಷ್ ಭಾರತದಲ್ಲಿ 1891ರ ಕಾಯ್ದೆ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ್ದಕ್ಕೇ ಪುಣೆಯಲ್ಲಿ ಟಿಳಕರ ನೇತೃತ್ವದಲ್ಲಿ ದೊಡ್ಡ ವಿರೋಧ ಎದ್ದಿತ್ತು. ಅದನ್ನು ನೆನೆದರೆ ಮೈಸೂರಿನ ಹೆಜ್ಜೆ ಚಿಕ್ಕದಲ್ಲ.

ರಾಜಿ

ರುಖ್ಮಾಬಾಯಿ ಸೆರೆಮನೆಗೆ ಹೋಗಲಿಲ್ಲ. ವಿಕ್ಟೋರಿಯಾ ರಾಣಿ ಮಧ್ಯೆ ಬಂದು ಮದುವೆಯನ್ನು ರದ್ದು ಮಾಡಿದಳು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ನಡೆದದ್ದು ಅಷ್ಟು ಚಂದವಾಗಿಲ್ಲ. 1888ರ ಜುಲೈನಲ್ಲಿ ದಾದಾಜಿ ಎರಡು ಸಾವಿರ ರೂಪಾಯಿ ತೆಗೆದುಕೊಂಡು ತನ್ನ ಆದೇಶವನ್ನು ಜಾರಿ ಮಾಡಿಸುವುದಿಲ್ಲ ಎಂದು ಒಪ್ಪಿಕೊಂಡ. ಮದುವೆಯ ಸಂಬಂಧ ಕಾನೂನಿನಲ್ಲಿ ಹಾಗೇ ಉಳಿಯಿತು. ಗಂಡಿಗೆ ಇನ್ನೊಂದು ಮದುವೆಗೆ ಆ ಕಾಲದಲ್ಲಿ ಅಡ್ಡಿಯಿರಲಿಲ್ಲ, ಹೆಣ್ಣಿಗೆ ಇತ್ತು. ಕೊಳ್ಳುವ ಮದುವೆಯನ್ನು ಕರ್ಕಿಯ ಪ್ರಹಸನ ಅಣಕಿಸಿದ ಮರುವರ್ಷ, ಮುಂಬಯಿಯಲ್ಲಿ ಒಬ್ಬ ಹೆಣ್ಣು ತನ್ನನ್ನು ತಾನೇ ಬಿಡಿಸಿಕೊಳ್ಳಬೇಕಾಯಿತು.

ರುಖ್ಮಾಬಾಯಿ 1889ರಲ್ಲಿ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿದರು. ಮರಳಿ ಬಂದು ಸೂರತ್ತಿನಲ್ಲಿ, ಆಮೇಲೆ ರಾಜಕೋಟೆಯಲ್ಲಿ ಹೆಂಗಸರ ಆಸ್ಪತ್ರೆಗಳನ್ನು ದಶಕಗಳ ಕಾಲ ನಡೆಸಿದರು. ಮತ್ತೆ ಮದುವೆಯಾಗಲಿಲ್ಲ. ಹೆಂಡತಿಯನ್ನು ಸೆರೆಮನೆಗೆ ಹಾಕುವ ಅವಕಾಶ ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ ಹೋದದ್ದು 1923ರಲ್ಲಿ. ಮುಂಬಯಿ ಪ್ರಾಂತ್ಯ 1947ರಲ್ಲಿ ಹಿಂದೂಗಳಿಗೆ ವಿಚ್ಛೇದನದ ಕಾಯ್ದೆ ತಂದಿತು. 1948ರ ಮಾರ್ಚ್ 8ರಂದು ಭೋರ್ ಮುಂತಾದ ದಖ್ಖನ್ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ಸೇರಿಹೋದವು. 1955ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಹಿಂದೂ ವಿವಾಹ ಕಾಯ್ದೆ ಬಂತು. ಅದರಲ್ಲಿ ವಿಚ್ಛೇದನವಿತ್ತು, ಗಂಡಿಗೂ ಒಂದೇ ಮದುವೆ ಎಂಬ ನಿಯಮವಿತ್ತು. ಜೊತೆಗೆ ಒಂಬತ್ತನೆಯ ಕಲಮಿನಲ್ಲಿ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಯೂ ಇತ್ತು. ರುಖ್ಮಾಬಾಯಿ ತೀರಿಕೊಂಡದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ, ತೊಂಬತ್ತೊಂದರ ಆಸುಪಾಸಿನಲ್ಲಿ. ಅವರು ಇಪ್ಪತ್ತರ ಹರೆಯದಲ್ಲಿ ಎದುರಿಸಿದ ಕಾನೂನು ಅವರ ಕೊನೆಯ ವರ್ಷದಲ್ಲಿ ಹೊಸ ಅಂಗಿ ತೊಟ್ಟು ಬಂದಿತ್ತು.

1984

ಗಂಡ ಹೆಂಡಿರ ಮುನಿಸು ಟೀವಿಗೆ ಬಂದದ್ದು 1984ರಲ್ಲಿ. ಕುಂದನ್ ಶಾ ಮತ್ತಿತರರು ನಿರ್ದೇಶಿಸಿ, ಶರದ್ ಜೋಶಿ ಬರೆದ ‘ಯೇ ಜೋ ಹೈ ಜಿಂದಗಿ’ ದೂರದರ್ಶನದ ಮೊದಮೊದಲ ಹಾಸ್ಯ ಧಾರಾವಾಹಿಗಳಲ್ಲಿ ಒಂದು. ಶಫಿ ಇನಾಮದಾರ್ ಮತ್ತು ಸ್ವರೂಪ್ ಸಂಪತ್ ಗಂಡ ಹೆಂಡತಿ, ರಾಕೇಶ್ ಬೇಡಿ ಮನೆಯಲ್ಲೇ ಠಿಕಾಣಿ ಹೂಡಿದ ಹೆಂಡತಿಯ ತಮ್ಮ. ಸತೀಶ್ ಶಾ ವಾರಕ್ಕೊಂದು ವೇಷದಲ್ಲಿ ಬಂದು ಆ ಸಂಸಾರದ ನೆಮ್ಮದಿ ಕೆಡಿಸುತ್ತಿದ್ದರು. ಅಂಗಳ ಹೋಗಿ ಫ್ಲ್ಯಾಟಿನ ಹಜಾರ ಬಂದಿತ್ತು. ಅತ್ತೆ, ಅತ್ತಿಗೆಯರ ಕಾವಲಿಲ್ಲದ ಮನೆ. ಜಗಳವಾಡಲು ಇಬ್ಬರಿಗೂ ಸಮಾನ ಜಾಗವಿತ್ತು ಎಂಬುದೇ ಅದರ ಹೊಸತನ. ಕನ್ನಡದಲ್ಲೂ ಆ ದಶಕದಲ್ಲೇ ‘ಸಿಹಿ ಕಹಿ’ ಬಂತು. ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಅವರ ಹೆಸರಿನ ಹಿಂದೆ ಆ ಧಾರಾವಾಹಿಯ ಹೆಸರೇ ಶಾಶ್ವತವಾಗಿ ನಿಂತಿತು. ನಿಜ ಜೀವನದಲ್ಲೂ ಅವರು ದಂಪತಿಗಳಾದರು. ಮುಂದೆ ಸಿಹಿಕಹಿ ಚಂದ್ರು ಅವರೇ ರೂಪಿಸಿದ ‘ಪಾಪ ಪಾಂಡು’ವಿನಲ್ಲಿ ಶ್ರೀಮತಿಯ ಕೈಗೆ ಸಿಕ್ಕು ಏಟು ತಿನ್ನುವ ಪಾಂಡುವನ್ನು ಕರ್ನಾಟಕ ವರ್ಷಗಟ್ಟಲೆ ನೋಡಿ ನಕ್ಕಿತು.

ನ್ಯಾಯಾಲಯದಲ್ಲಿ ಅದೇ ಹೊತ್ತಿಗೆ ಹಳೆಯ ನಾಟಕ ಮತ್ತೆ ಶುರುವಾಗಿತ್ತು. ‘ಹೊಸ ಬೆಳಕು’, ‘ಭಕ್ತ ಪ್ರಹ್ಲಾದ’ ಚಿತ್ರಗಳಲ್ಲಿ ರಾಜ್‌ಕುಮಾರ್ ಜೊತೆ ಕನ್ನಡಿಗರು ಮೆಚ್ಚಿಕೊಂಡ ನಟಿ ಸರಿತಾ ಅವರ ಮೇಲೆ ಆಂಧ್ರಪ್ರದೇಶದಲ್ಲಿ ದಾವೆಯಿತ್ತು. 1975ರಲ್ಲಿ, ಹದಿನಾರರ ಆಸುಪಾಸಿನಲ್ಲಿ, ಶಾಲೆಗೆ ಹೋಗುತ್ತಿದ್ದಾಗಲೇ ಮದುವೆಯಾಗಿತ್ತು ಎಂಬುದು ದಾವೆಯ ಹೇಳಿಕೆ. ಇಬ್ಬರೂ ಬೇರೆಯಾಗಿ ಐದು ವರ್ಷ ಕಳೆದಿತ್ತು. ಹೆಂಡತಿಯನ್ನು ಕಳಿಸಿಕೊಡಿ ಎಂದು ಗಂಡ ಕೇಳಿದ್ದ. 1983ರ ಜುಲೈನಲ್ಲಿ ನ್ಯಾಯಮೂರ್ತಿ ಪಿ.ಎ. ಚೌಧರಿ ಒಂಬತ್ತನೆಯ ಕಲಮೇ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತರು. ಯಾರೊಂದಿಗೆ ಬಾಳಬೇಕು, ತನ್ನ ದೇಹದಲ್ಲಿ ಮಗು ಬೆಳೆಯಬೇಕೋ ಬೇಡವೋ ಎಂಬ ತೀರ್ಮಾನವನ್ನು ಹೆಣ್ಣಿನಿಂದ ಕಿತ್ತು ಸರಕಾರದ ಕೈಗೆ ಕೊಡಲಾಗದು ಎಂಬುದು ಅವರ ವಾದದ ತಿರುಳು. ಪಿನ್ಹೇ ಮಾತು ನೂರು ವರ್ಷ ತುಂಬುವ ಮುನ್ನ ಮರಳಿ ಬಂದಿತ್ತು.

ಕೆಲವೇ ತಿಂಗಳಲ್ಲಿ ದೆಹಲಿ ಹೈಕೋರ್ಟು ಇದಕ್ಕೆ ವಿರುದ್ಧವಾದ ತೀರ್ಪು ಕೊಟ್ಟಿತು. ಸಂವಿಧಾನವನ್ನು ಮನೆಯೊಳಗೆ ತರುವುದು ಪಿಂಗಾಣಿ ಅಂಗಡಿಗೆ ಗೂಳಿ ನುಗ್ಗಿಸಿದಂತೆ ಎಂಬ ಅರ್ಥದ ಅದರ ಮಾತು ಈಗಲೂ ಕಾನೂನು ತರಗತಿಗಳಲ್ಲಿ ಚರ್ಚೆಯಾಗುತ್ತದೆ. 1984ರ ಆಗಸ್ಟಿನಲ್ಲಿ ಸರೋಜ್ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೆಹಲಿಯ ನಿಲುವನ್ನು ಒಪ್ಪಿ ಕಲಮನ್ನು ಉಳಿಸಿತು. ಮದುವೆ ಮುರಿಯದಂತೆ ತಡೆಯುವ ಸಾಮಾಜಿಕ ಉದ್ದೇಶ ಅದಕ್ಕಿದೆ ಎಂದಿತು.

ಆದರೆ ಆ ಪ್ರಕರಣದಲ್ಲೇ ನಡೆದದ್ದೇನು? ಒಟ್ಟಿಗೆ ಬಾಳಬೇಕೆಂದು ದಾವೆ ಹಾಕಿದವಳು ಹೆಂಡತಿ. ಗಂಡ ತಕರಾರಿಲ್ಲದೆ ಒಪ್ಪಿದ, ಆದೇಶವಾಯಿತು. ಆದೇಶವಾಗಿ ಒಂದು ವರ್ಷದೊಳಗೆ ಕೂಡಿ ಬಾಳದಿದ್ದರೆ ಅದೇ ವಿಚ್ಛೇದನಕ್ಕೆ ಕಾರಣವಾಗುತ್ತದೆ ಎಂಬ ನಿಯಮ ಕಾಯ್ದೆಯಲ್ಲಿದೆ. ವರ್ಷ ಕಳೆಯುತ್ತಲೇ ಗಂಡ ಆ ನಿಯಮ ಹಿಡಿದು ವಿಚ್ಛೇದನ ಕೇಳಿದ. ಸುಪ್ರೀಂ ಕೋರ್ಟು ಕಲಮನ್ನು ಎತ್ತಿಹಿಡಿದು, ವಿಚ್ಛೇದನವನ್ನೂ ಉಳಿಸಿತು. ಸಂಸಾರ ಕೂಡಿಸುವ ಕಾನೂನು ಎಂದು ಹೊಗಳಿಸಿಕೊಂಡದ್ದು ಆ ದಿನ ಒಂದು ಸಂಸಾರವನ್ನು ಮುಗಿಸಿತ್ತು. ಮನೆ ಬೇಕೆಂದು ಬಂದವಳು ಜೀವನಾಂಶದ ಆದೇಶ ಹಿಡಿದು ಹೊರಬಂದಳು.

ಇಂಗ್ಲೆಂಡ್ ಈ ದಾವೆಯನ್ನು 1970ರ ಕಾಯ್ದೆಯೊಂದರಲ್ಲಿ ತೆಗೆದುಹಾಕಿತು. ಭಾರತದಲ್ಲಿ ಅದನ್ನು ಪ್ರಶ್ನಿಸಿ 2019ರಲ್ಲಿ ಗುಜರಾತಿನ ಕಾನೂನು ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದರು. ಇಂದು ಆದೇಶಕ್ಕೆ ಒಪ್ಪದವರಿಗೆ ಸೆರೆಮನೆ ಇಲ್ಲ. ಆಸ್ತಿಯನ್ನು ಜಪ್ತಿ ಮಾಡಬಹುದು.

ಹಾಸ್ಯ ಧಾರಾವಾಹಿಯ ಸೂಟ್‌ಕೇಸ್ ಕಂತಿಗೆ ಇಷ್ಟೆಲ್ಲ ಹೊರೆ ಹೊರಿಸುವುದು ಅನ್ಯಾಯ ಎನಿಸಬಹುದು. ಅದರ ಗುರಿ ಇಪ್ಪತ್ತು ನಿಮಿಷದ ನಗು, ಅದು ಕೊಟ್ಟರೆ ಸಾಕು. ಬಹುಪಾಲು ಮುನಿಸುಗಳು ಉಂಡು ಮಲಗುವ ತನಕದವೇ, ಅವುಗಳ ಮೇಲೆ ನಕ್ಕರೆ ಯಾರಿಗೂ ನೋವಿಲ್ಲ. ಪಾಂಡು ಏಟು ತಿಂದಾಗ ನಗು ಬರುವುದು ನಿಜವಾದ ಮನೆಗಳಲ್ಲಿ ಏಟು ಬೀಳುವ ದಿಕ್ಕು ಬೇರೆ ಎಂಬುದು ನೋಡುವವರಿಗೆಲ್ಲ ಗೊತ್ತಿರುವುದರಿಂದಲೇ. ಆದರೂ ಸೂಟ್‌ಕೇಸ್ ಮಂಚದ ಮೇಲೆ ಬಂದಾಗ ಕ್ಯಾಮೆರಾ ಯಾರತ್ತ ತಿರುಗುತ್ತದೆ ಎಂದು ಗಮನಿಸುವುದರಲ್ಲಿ ತಪ್ಪಿಲ್ಲ. ಅವಳೇಕೆ ಹೊರಟಳು ಎಂದು ಒಂದು ಕ್ಷಣವಾದರೂ ಕೇಳುವ ಕಂತು ಕರ್ಕಿಯ ಶಾಸ್ತ್ರಿಗಳ ಸಾಲಿಗೆ ಸೇರುತ್ತದೆ. ಹೇಗಾದರೂ ಮರಳಿದರೆ ಸಾಕು ಎನ್ನುವುದು ಫ್ಯಾರನ್ ಸಾಹೇಬರ ಸಾಲಿಗೆ.

ಭೋರಿನ ವಾಡೆಗೆ ಚಿತ್ರತಂಡಗಳು ಈಗಲೂ ಬರುತ್ತವೆ. ಅಂಗಳದಲ್ಲಿ ದೀಪ ಹೊತ್ತಿಸಿ, ಮಾಳಿಗೆಯ ಕಂಬಕ್ಕೆ ಒರಗಿ ಹೊಸ ಸೊಸೆಯೊಬ್ಬಳು ನಿಲ್ಲುತ್ತಾಳೆ. ಚಿತ್ರೀಕರಣ ಮುಗಿದ ಸಂಜೆ ಸೀರೆ ಬದಲಿಸಿ, ಬ್ಯಾಗು ಹೆಗಲಿಗೇರಿಸಿ, ಅದೇ ಬಾಗಿಲಿನಿಂದ ಹೊರಗೆ ನಡೆದು ಪುಣೆಯ ಗಾಡಿ ಹತ್ತುತ್ತಾಳೆ. ಅವಳನ್ನು ಯಾರೂ ತಡೆಯುವುದಿಲ್ಲ.